ಸಂವಿಧಾನ ತಿದ್ದುಪಡಿಯಿಂದ ವಾರ್ಡ್ ಆಫೀಸಿನ ಮೊಹರಿನವರೆಗೆ

ಹೋದ ವರ್ಷ ಜೂನ್ ತಿಂಗಳು. ಭಾನುವಾರ ಬೆಳಿಗ್ಗೆ ಯಾದಗಿರಿ ಕಡೆಯ ಒಬ್ಬ ತಾಯಿ ಮಗನ ಕೈ ಹಿಡಿದುಕೊಂಡು ಮುಂಬಯಿಯ ನಮ್ಮ ಕನ್ನಡ ಸಂಘದ ಕೋಣೆಗೆ ಬಂದರು. ಗಂಡನಿಗೆ ವಡಾಲದ ಹತ್ತಿರ ಗಾರೆ ಕೆಲಸ. ಹುಡುಗನಿಗೆ ಒಂಬತ್ತು ವರ್ಷ. "ಶಾಲ್ಯಾಗ ಟೀಸಿ ಕೇಳ್ತಾರ್ರೀ ಅಣ್ಣಾರ. ಊರಿಗೆ ಹೋಗಿ ಬರಬೇಕಂದ್ರ ಮೂರು ದಿನದ ಪಗಾರ ಹೋಗತೈತ್ರಿ" ಎಂದರು. ಪಕ್ಕದಲ್ಲಿ ಕೂತಿದ್ದ ನಮ್ಮ ಗೆಳೆಯರೊಬ್ಬರು ತಕ್ಷಣ, "ಶಿಕ್ಷಣ ಮೂಲಭೂತ ಹಕ್ಕು ಕಣಮ್ಮ, ಸಂವಿಧಾನದಲ್ಲೇ ಇದೆ" ಎಂದು ಸಮಾಧಾನ ಹೇಳಿದರು. ಆಕೆ ಸುಮ್ಮನೆ ನೋಡಿದರು. ಸಂವಿಧಾನದಲ್ಲಿ ಇದ್ದರೆ ಶಾಲೆಯ ಗೇಟಿನಲ್ಲಿ ಯಾಕಿಲ್ಲ ಎನ್ನುವ ನೋಟ ಅದು.

ನಾನು ವಕೀಲನಲ್ಲ. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವ. ನಿವೃತ್ತಿಯ ಮೇಲೆ ನಮ್ಮವರಿಗೆ ಅರ್ಜಿ ಬರೆದುಕೊಡುತ್ತಾ ಕಲಿತದ್ದು ಇಷ್ಟು: ತಿದ್ದುಪಡಿ ನೇರವಾಗಿ ಯಾರ ಮನೆಗೂ ಬರುವುದಿಲ್ಲ. ತಿದ್ದುಪಡಿಯಿಂದ ಅನುಚ್ಛೇದ (ಸಂವಿಧಾನದ ಆರ್ಟಿಕಲ್), ಅನುಚ್ಛೇದದಿಂದ ಕಾಯ್ದೆ, ಕಾಯ್ದೆಯಿಂದ ಒಂದು ಕಚೇರಿ, ಆ ಕಚೇರಿಯಲ್ಲಿ ಒಂದು ಮೇಜು. ನಿಮ್ಮ ಕಾಗದ ಆ ಮೇಜಿನ ಮೇಲೆ ಬೀಳಬೇಕು. ನಡುವೆ ಒಂದು ಕೊಂಡಿ ತಪ್ಪಿದರೂ "ಉದ್ಯಾ ಯಾ", ನಾಳೆ ಬನ್ನಿ, ಎಂಬ ಉತ್ತರ ಗ್ಯಾರಂಟಿ.

ಮೊದಲ ಕೆಲಸ: ಅಡಿಟಿಪ್ಪಣಿ ಓದಿ

1951ರಿಂದ 2023ರವರೆಗೆ ನಮ್ಮ ಸಂವಿಧಾನಕ್ಕೆ 106 ತಿದ್ದುಪಡಿಗಳಾಗಿವೆ. ಎಲ್ಲವನ್ನೂ ನೆನಪಿಡುವ ಅಗತ್ಯ ಯಾರಿಗೂ ಇಲ್ಲ. ಹೆಚ್ಚಿನವು ನಮಗೆ ನೇರವಾಗಿ ಸಂಬಂಧಿಸಿದವೂ ಅಲ್ಲ. ಬೇಕಾದದ್ದು ಹಾಳೆಯ ಕೆಳಗಿನ ಸಣ್ಣಕ್ಷರ ಓದುವ ಅಭ್ಯಾಸ. ಇಂಗ್ಲಿಷ್ ಪ್ರತಿಯಲ್ಲಿ 21ಎ ಅನುಚ್ಛೇದದ ಅಡಿಗೆ ನೋಡಿ. 'ಇನ್ಸ್.' ಅಂದರೆ ಸೇರಿಸಿದ್ದು. ಮುಂದೆ 86ನೇ ತಿದ್ದುಪಡಿ, 2002 ಎಂದಿದೆ. ಕೊನೆಯಲ್ಲಿ 'ಡಬ್ಲ್ಯೂ.ಇ.ಎಫ್.' ಎಂದು ಬರೆದು 1-4-2010 ಎಂದಿದೆ. ಅದು ಜಾರಿಗೆ ಬಂದ ದಿನ. ಸಂಸತ್ತು ಒಪ್ಪಿದ್ದು 2002ರಲ್ಲಿ, ಮಕ್ಕಳಿಗೆ ಹಕ್ಕು ಸಿಕ್ಕಿದ್ದು 2010ರಲ್ಲಿ. ಆ ಎಂಟು ವರ್ಷದಲ್ಲಿ ಒಂದನೇ ಕ್ಲಾಸಿನ ವಯಸ್ಸಿನ ಮಗು ಎಂಟನೇ ಕ್ಲಾಸು ಮುಗಿಸುತ್ತದೆ.

ಇದಕ್ಕಿಂತ ವಿಚಿತ್ರ ಇನ್ನೊಂದಿದೆ. ತುರ್ತುಪರಿಸ್ಥಿತಿ ಮುಗಿದ ಮೇಲೆ 1978ರಲ್ಲಿ ಬಂದ 44ನೇ ತಿದ್ದುಪಡಿಯಲ್ಲಿ ಮುಂಜಾಗ್ರತಾ ಬಂಧನಕ್ಕೆ, ಅಂದರೆ ವಿಚಾರಣೆ ಇಲ್ಲದೆ ಮೊದಲೇ ಹಿಡಿದಿಡುವುದಕ್ಕೆ, ಕಡಿವಾಣ ಹಾಕುವ ಒಂದು ಭಾಗವಿದೆ. ಸಂಸತ್ತು ಒಪ್ಪಿ ಇಷ್ಟು ವರ್ಷವಾದರೂ ಅದನ್ನು ಜಾರಿಗೆ ತಂದೇ ಇಲ್ಲ. ಲೋಕಸಭೆ, ವಿಧಾನಸಭೆಗಳಲ್ಲಿ ಮಹಿಳೆಯರಿಗೆ ಮೂರನೇ ಒಂದು ಭಾಗ ಸೀಟು ಎನ್ನುವ 2023ರ 106ನೇ ತಿದ್ದುಪಡಿಯನ್ನೂ ಜನಗಣತಿ, ಕ್ಷೇತ್ರ ಮರುವಿಂಗಡಣೆಗೆ ಗಂಟು ಹಾಕಿಯೇ ತಂದರು. ಆದ್ದರಿಂದ ಪೇಪರಿನಲ್ಲಿ "ಐತಿಹಾಸಿಕ ತಿದ್ದುಪಡಿ ಪಾಸ್" ಎಂದು ಓದಿದ ದಿನವೇ ಅರ್ಜಿ ಬರೆಯಲು ಕೂರಬೇಡಿ. ಜಾರಿಯ ದಿನಾಂಕ ನೋಡಿ.

ಎರಡನೆಯದು: ಅನುಚ್ಛೇದದ ಹಿಂದಿನ ಕಾಯ್ದೆ ಹುಡುಕಿ

21ಎ ಹೇಳುವುದು ಒಂದೇ ಸಾಲು: 6ರಿಂದ 14 ವರ್ಷದ ಮಕ್ಕಳಿಗೆ ಉಚಿತ, ಕಡ್ಡಾಯ ಶಿಕ್ಷಣ. ಶಾಲೆಯ ಮುಖ್ಯಸ್ಥರ ಮುಂದೆ ಆ ಸಾಲು ಓದಿದರೆ ಅವರೂ ತಲೆಯಾಡಿಸುತ್ತಾರೆ, ಆಮೇಲೆ ಟೀಸಿ ಕೇಳುತ್ತಾರೆ. ಕೆಲಸ ಮಾಡುವುದು 2009ರ ಶಿಕ್ಷಣ ಹಕ್ಕು ಕಾಯ್ದೆಯ ಕಲಂಗಳು. ಊರು ಬಿಟ್ಟು ಬಂದವರು ಇವಿಷ್ಟನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. 4ನೇ ಕಲಂ: ಶಾಲೆ ಬಿಟ್ಟ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಬೇಕು. ಒಂಬತ್ತು ವರ್ಷದವನನ್ನು ಒಂದನೇ ಕ್ಲಾಸಿನಲ್ಲಿ ಕೂರಿಸುವಂತಿಲ್ಲ. 5ನೇ ಕಲಂ: ಬೇರೆ ರಾಜ್ಯದಿಂದ ಬಂದರೂ ಸರಿ, ಟೀಸಿ ತಡವಾಯಿತೆಂದು ಸರ್ಕಾರಿ ಅಥವಾ ಅನುದಾನಿತ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ. 14ನೇ ಕಲಂ: ವಯಸ್ಸಿನ ದಾಖಲೆ ಇಲ್ಲ ಎಂಬ ಕಾರಣಕ್ಕೂ ನಿರಾಕರಿಸುವಂತಿಲ್ಲ. 15ನೇ ಕಲಂ: ಪ್ರವೇಶದ ದಿನ ಮುಗಿಯಿತು ಎಂಬ ನೆಪವೂ ನಡೆಯುವುದಿಲ್ಲ.

ಆ ತಾಯಿಗೆ ನಾನು ಬರೆದುಕೊಟ್ಟದ್ದು ಅರ್ಧ ಪುಟ. ಮಗುವಿನ ಹೆಸರು, ವಯಸ್ಸು, ಊರಲ್ಲಿ ಓದಿದ ತರಗತಿ, ಈಗ ಇರುವ ಜಾಗ. ಆಮೇಲೆ, "ಕಲಂ 4 ಮತ್ತು 5ರ ಪ್ರಕಾರ ನಾಲ್ಕನೇ ತರಗತಿಗೆ ಸೇರಿಸಿಕೊಳ್ಳಬೇಕು. ಆಗದಿದ್ದರೆ ಕಾರಣವನ್ನು ಲಿಖಿತವಾಗಿ ಕೊಡಬೇಕು." ಮಂತ್ರ ಇರುವುದು ಆ ಕೊನೆಯ ವಾಕ್ಯದಲ್ಲಿ. 'ಇಲ್ಲ' ಎಂದು ಬಾಯಲ್ಲಿ ಹೇಳುವುದು ಸುಲಭ, ಸಹಿ ಹಾಕಿ ಬರೆದುಕೊಡಲು ಯಾರಿಗೂ ಇಷ್ಟವಿಲ್ಲ. ಮುಖ್ಯಸ್ಥರು ಕಾಗದ ಎರಡು ಸಲ ಓದಿದರಂತೆ. ಮಾಮೂಲಿನಂತೆ "ಉದ್ಯಾ ಯಾ" ಎಂದರಂತೆ. ಮೂರನೇ ದಿನ ಹುಡುಗ ನಾಲ್ಕನೇ ಕ್ಲಾಸಿನ ಬೆಂಚಿನಲ್ಲಿ ಕೂತಿದ್ದ. ಟೀಸಿ ಬಂದದ್ದು ದೀಪಾವಳಿಗೆ, ಊರಿಂದ ಬಂದ ಸೋದರಮಾವನ ಚೀಲದಲ್ಲಿ, ಹುರಿದ ಶೇಂಗಾದ ಜೊತೆ.

ಶಾಲೆ ಒಪ್ಪದಿದ್ದರೆ 32ನೇ ಕಲಂ ಇದೆ. ಸ್ಥಳೀಯ ಪ್ರಾಧಿಕಾರಕ್ಕೆ, ಅಂದರೆ ಮುಂಬಯಿಯಲ್ಲಿ ಪಾಲಿಕೆಯ ಶಿಕ್ಷಣ ವಿಭಾಗಕ್ಕೆ, ಲಿಖಿತ ದೂರು ಕೊಡಬೇಕು. ಮೂರು ತಿಂಗಳೊಳಗೆ ಅವರು ತೀರ್ಮಾನಿಸಬೇಕು. ಅಲ್ಲೂ ಆಗದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ಆಯೋಗಕ್ಕೆ ಮೇಲ್ಮನವಿ. ಖಾಸಗಿ ಶಾಲೆಯಲ್ಲಿ ಬಡ, ಹಿಂದುಳಿದ ಮಕ್ಕಳಿಗೆಂದು ಇಡುವ 25% ಸೀಟಿನ ವಿಚಾರ ಬೇರೆ. ಅದಕ್ಕೆ ಆನ್‌ಲೈನ್ ಅರ್ಜಿ, ಲಾಟರಿ ಎಲ್ಲ ಇದೆ. ಒಂದು ಕಿಲೋಮೀಟರ್ ಒಳಗೆ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿಯವರಿಗೆ ವಿನಾಯಿತಿ ಎಂದು ಮಹಾರಾಷ್ಟ್ರ ಸರ್ಕಾರ 2024ರಲ್ಲಿ ನಿಯಮ ಮಾಡಿತ್ತು. ಬಾಂಬೆ ಹೈಕೋರ್ಟ್ ಅದೇ ವರ್ಷ ಜುಲೈಯಲ್ಲಿ ಅದನ್ನು ರದ್ದು ಮಾಡಿತು. ಆ ನಿಯಮ ತೋರಿಸಿ ಯಾರಾದರೂ ಈಗಲೂ ವಾಪಸ್ ಕಳಿಸಿದರೆ ನಂಬಬೇಡಿ.

ನವೆಂಬರ್ 1, 1956: ನಮಗೆ ಸಿಕ್ಕ ಎರಡು ಅನುಚ್ಛೇದ

ಅವತ್ತು ಬಾಂಬೆ ರಾಜ್ಯದಲ್ಲಿದ್ದ ಬೆಳಗಾವಿ, ಬಿಜಾಪುರ, ಧಾರವಾಡ, ಉತ್ತರ ಕನ್ನಡದ ಜನ ಮೈಸೂರು ರಾಜ್ಯಕ್ಕೆ ಸೇರಿದರು. ಮುಂಬಯಿ, ಪುಣೆಯಲ್ಲಿ ಇದ್ದವರು ಹೊರಗೆ ಉಳಿದೆವು. ನಾವು ಪ್ರತಿವರ್ಷ ಹಾಲ್ ಬುಕ್ ಮಾಡಿ ರಾಜ್ಯೋತ್ಸವ ಮಾಡುತ್ತೇವಲ್ಲ, ಅದೇ ದಿನ 7ನೇ ತಿದ್ದುಪಡಿ ಜಾರಿಗೆ ಬಂತು. ಹೊರಗುಳಿದವರಿಗೆಂದೇ ಅದು 350ಎ ಮತ್ತು 350ಬಿ ಎಂಬ ಎರಡು ಅನುಚ್ಛೇದ ಕೊಟ್ಟಿತು. ಯಾವ ರಾಜ್ಯೋತ್ಸವದ ಭಾಷಣದಲ್ಲೂ ಇದನ್ನು ನಾನು ಕೇಳಿಲ್ಲ.

350ಎ ಪ್ರಕಾರ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯಲ್ಲಿ ಕಲಿಸಲು ಸಾಕಷ್ಟು ಸೌಲಭ್ಯ ಕೊಡಲು ರಾಜ್ಯ ಮತ್ತು ಸ್ಥಳೀಯ ಸಂಸ್ಥೆಗಳು ಪ್ರಯತ್ನಿಸಬೇಕು. 'ಪ್ರಯತ್ನಿಸಬೇಕು' ಎಂಬ ಪದ ಗಮನಿಸಿ. ಇದು 21ಎ ತರಹದ ಗಟ್ಟಿ ಹಕ್ಕಲ್ಲ, ಕೋರ್ಟಿನಲ್ಲಿ ಇದೊಂದನ್ನೇ ಹಿಡಿದು ಗೆಲ್ಲುವುದು ಕಷ್ಟ. ಆದರೆ ಅರ್ಜಿಯಲ್ಲಿ ಇದಕ್ಕೆ ತೂಕ ಇದೆ. ಜೊತೆಗೆ 1949ರ ಆಗಸ್ಟ್‌ನಲ್ಲಿ ಪ್ರಾಂತಗಳ ಶಿಕ್ಷಣ ಮಂತ್ರಿಗಳ ಸಮ್ಮೇಳನ ಒಪ್ಪಿದ ಒಂದು ಲೆಕ್ಕವೂ ಇದೆ. ಇಡೀ ಶಾಲೆಯಲ್ಲಿ 40 ಮಕ್ಕಳು ಅಥವಾ ಒಂದು ತರಗತಿಯಲ್ಲಿ 10 ಮಕ್ಕಳು ಆ ಭಾಷೆಯವರಿದ್ದರೆ ಒಬ್ಬರಾದರೂ ಶಿಕ್ಷಕರನ್ನು ಕೊಡಬೇಕು. ಮುಂಬಯಿ ಪಾಲಿಕೆ ನಡೆಸುವ ಶಾಲೆಗಳ ಮಾಧ್ಯಮಗಳಲ್ಲಿ ಕನ್ನಡವೂ ಒಂದು. ಆ ಶಾಲೆಗಳು ಕರಗುತ್ತಿವೆ, ನಿಜ. ನಾವೇ ಮಕ್ಕಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ಹಾಕಿ ಆಮೇಲೆ ಶಾಲೆ ಮುಚ್ಚಿತೆಂದು ಸಭೆ ಕರೆಯುತ್ತೇವೆ, ಅದೂ ನಿಜ. ಆದರೆ ಕಟ್ಟಡ ಕೆಲಸದವರ ಮಕ್ಕಳು ಹತ್ತು ಮಂದಿ ಒಂದೇ ಜಾಗದಲ್ಲಿ ಸಿಕ್ಕಿದರೆ ಬಿಡಬೇಡಿ. ಒಬ್ಬೊಬ್ಬರಾಗಿ ಹೋಗದೆ ಹತ್ತೂ ಮಕ್ಕಳ ಹೆಸರು, ವಯಸ್ಸು, ಪೋಷಕರ ಸಹಿ ಅಥವಾ ಹೆಬ್ಬೆಟ್ಟು ಇರುವ ಒಂದೇ ಪಟ್ಟಿ ಕೊಡಿ.

350ಬಿ ಭಾಷಾ ಅಲ್ಪಸಂಖ್ಯಾತರಿಗಾಗಿ ಒಬ್ಬ ವಿಶೇಷ ಅಧಿಕಾರಿಯನ್ನು ಕೊಟ್ಟಿತು. ಆ ಆಯುಕ್ತರ ಕಚೇರಿ 1957ರಿಂದ ಇದೆ. ನಿಮ್ಮ ಅರ್ಜಿಯ ಒಂದು ಪ್ರತಿ ಅವರಿಗೂ ಹೋಗಲಿ. ಅವರು ಆದೇಶ ಹೊರಡಿಸುವುದಿಲ್ಲ, ವಿಚಾರಿಸಿ ರಾಷ್ಟ್ರಪತಿಗೆ ವರದಿ ಕೊಡುತ್ತಾರೆ. ಆದರೂ 'ಪ್ರತಿ: ಆಯುಕ್ತರು' ಎಂಬ ಸಾಲು ಕೆಳಗಿದ್ದರೆ ಓದುವವರ ಕಣ್ಣು ಅಲ್ಲಿ ಒಂದು ಕ್ಷಣ ನಿಲ್ಲುತ್ತದೆ. ನಾವು ಇಲ್ಲಿ ಅಲ್ಪಸಂಖ್ಯಾತರು ಹೌದೋ ಅಲ್ಲವೋ ಎಂದು ಯಾರಾದರೂ ಕೇಳಿದರೆ, ಭಾಷಾ ಅಲ್ಪಸಂಖ್ಯಾತರು ಯಾರೆಂದು ರಾಜ್ಯವಾರು ಲೆಕ್ಕ ಹಾಕಬೇಕು ಎಂದು 2002ರಲ್ಲಿ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದೂ ಮಣಿಪಾಲದವರದೇ ಕೇಸು.

ಸೊಸೈಟಿ ಲೆಕ್ಕ ಮತ್ತು ಕಪಾಟಿನ ಕೀಲಿ

ಮುಂಬಯಿಯಲ್ಲಿ ನಮ್ಮವರು ಜಾಸ್ತಿ ಜಗಳ ಆಡುವುದು ಹೌಸಿಂಗ್ ಸೊಸೈಟಿಯಲ್ಲಿ. 2011ರ 97ನೇ ತಿದ್ದುಪಡಿ ಸಹಕಾರಿ ಸಂಘ ಕಟ್ಟಿಕೊಳ್ಳುವುದನ್ನು 19(1)(ಸಿ) ಮೂಲಭೂತ ಹಕ್ಕಿನೊಳಗೆ ಸೇರಿಸಿತು. 9ಬಿ ಎಂಬ ಹೊಸ ಭಾಗವನ್ನೂ ತಂದಿತು: ಐದು ವರ್ಷಕ್ಕೊಮ್ಮೆ ಚುನಾವಣೆ, ಲೆಕ್ಕಪರಿಶೋಧನೆ, ಸದಸ್ಯರಿಗೆ ಮಾಹಿತಿ. ಇಲ್ಲೇ ಎಡವುತ್ತೇವೆ. 2021ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ 9ಬಿ ಭಾಗವನ್ನು ರಾಜ್ಯದೊಳಗಿನ ಸಂಘಗಳ ಮಟ್ಟಿಗೆ ರದ್ದು ಮಾಡಿತು. ಸಹಕಾರ ರಾಜ್ಯಗಳ ವಿಷಯ, ಅರ್ಧದಷ್ಟು ರಾಜ್ಯಗಳ ವಿಧಾನಸಭೆಗಳು ಒಪ್ಪಬೇಕಿತ್ತು, ಒಪ್ಪಿಗೆ ಪಡೆದಿರಲಿಲ್ಲ. ಈಗಲೂ ವಾಟ್ಸಾಪಿನಲ್ಲಿ ಬಂದ ಹಳೇ ಮಾದರಿ ಅರ್ಜಿಗಳಲ್ಲಿ ಆ 9ಬಿ ಭಾಗದ ಅನುಚ್ಛೇದಗಳನ್ನು 243ಝೆಡ್ ಅಂತೆಲ್ಲ ಬರೆದು ತರುತ್ತಾರೆ. ಅದನ್ನು ಹೊಡೆದುಹಾಕಿ, 1960ರ ಮಹಾರಾಷ್ಟ್ರ ಸಹಕಾರಿ ಸಂಘಗಳ ಕಾಯ್ದೆ ಎಂದು ಬರೆಯಿರಿ. 2019ರಲ್ಲಿ ಅದಕ್ಕೆ ಹೌಸಿಂಗ್ ಸೊಸೈಟಿಗಳಿಗೆಂದೇ 154ಬಿ ಇಂದ ಶುರುವಾಗುವ ಅಧ್ಯಾಯ ಸೇರಿದೆ. ತಿದ್ದುಪಡಿ ಬಿದ್ದರೂ ರಾಜ್ಯದ ಕಾಯ್ದೆ ನಿಂತಿದೆ.

ನನ್ನದೇ ಅನುಭವ. ನಮ್ಮ ಕಟ್ಟಡದ ಟೆರೇಸಿಗೆ ವಾಟರ್‌ಪ್ರೂಫಿಂಗ್ ಮಾಡಿಸಿದರು. ಮುಂದಿನ ಮಳೆಗಾಲದಲ್ಲೇ ನಮ್ಮ ಅಡುಗೆಮನೆ ಸೋರಿತು. ಬಿಲ್ ತೋರಿಸಿ ಎಂದರೆ ಸೆಕ್ರೆಟರಿ, "ಕಪಾಟಿನ ಕೀಲಿ ಚೇರ್ಮನ್ ಹತ್ತಿರ ಇದೆ" ಎಂದರು. ಚೇರ್ಮನ್ ಕೇಳಿದರೆ, "ಸೆಕ್ರೆಟರಿ ಹತ್ತಿರ." ಎರಡು ತಿಂಗಳು ಆ ಕೀಲಿ ಮೂರನೇ ಮಹಡಿಗೂ ಐದನೇ ಮಹಡಿಗೂ ಓಡಾಡಿತು. ಕೊನೆಗೆ ನಾನು ಮಾಡಿದ್ದು ಹೀಗೆ. ಮೊದಲು ಸೊಸೈಟಿಗೆ ಪತ್ರ: ಇಂಥ ವರ್ಷದ ಲೆಕ್ಕ, ಕಮಿಟಿ ಸಭೆಯ ನಡಾವಳಿ, ಕೊಟೇಶನ್ ನೋಡಬೇಕು, ಪ್ರತಿಯ ಖರ್ಚು ಕೊಡುತ್ತೇನೆ. ಕೈಯಲ್ಲಿ ತೆಗೆದುಕೊಳ್ಳಲಿಲ್ಲ. ಸ್ಪೀಡ್ ಪೋಸ್ಟ್ ಮಾಡಿದೆ. ಒಂದು ತಿಂಗಳು ಕಾದೆ. ಆಮೇಲೆ ನಮ್ಮ ವಾರ್ಡಿನ ಸಹಕಾರಿ ಸಂಘಗಳ ಡೆಪ್ಯುಟಿ ರಿಜಿಸ್ಟ್ರಾರ್‌ಗೆ ದೂರು, ಜೊತೆಗೆ ಪೋಸ್ಟಿನ ರಸೀದಿ. ಅಲ್ಲಿಂದ ಸೊಸೈಟಿಗೆ ಒಂದು ಪತ್ರ ಬಂದ ವಾರವೇ ಕೀಲಿ ಸಿಕ್ಕಿತು. ದೊಡ್ಡ ಹಗರಣವೇನೂ ಹೊರಬೀಳಲಿಲ್ಲ. ಮೂರು ಕೊಟೇಶನ್ ಇರಬೇಕಾದಲ್ಲಿ ಒಂದೇ ಇತ್ತು, ಅಷ್ಟೇ. ಆದರೆ ಕಂಟ್ರಾಕ್ಟರ್ ಬಂದು ಟೆರೇಸನ್ನು ಇನ್ನೊಮ್ಮೆ ಪುಕ್ಕಟೆ ಮಾಡಿಕೊಟ್ಟ.

ವಾರ್ಷಿಕ ಸಭೆ ಸೆಪ್ಟೆಂಬರ್ 30ರೊಳಗೆ ನಡೆಯಬೇಕು. ಆ ಸಭೆಗೆ ಹೋಗದೆ ವರ್ಷವಿಡೀ ಲಿಫ್ಟಿನಲ್ಲಿ ಗೊಣಗುವವರಿಗೆ ನಾನು ಅರ್ಜಿ ಬರೆದುಕೊಡುವುದಿಲ್ಲ.

ಬೇಗ ನೋಡಿಬಿಡಬೇಕಾದ ನಾಲ್ಕು

ಮತದಾನ. 61ನೇ ತಿದ್ದುಪಡಿ ವಯಸ್ಸನ್ನು 21ರಿಂದ 18ಕ್ಕೆ ಇಳಿಸಿತು, 1989ರಲ್ಲಿ ಜಾರಿ. ಈಗ ವರ್ಷಕ್ಕೆ ನಾಲ್ಕು ಅರ್ಹತಾ ದಿನಗಳಿವೆ, ಅಂದರೆ 18 ತುಂಬಿದೆಯೇ ಎಂದು ನೋಡುವ ದಿನಗಳು: ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ 1. ಹೊಸಬರಿಗೆ ಫಾರ್ಮ್ 6, ಮನೆ ಬದಲಿಸಿದವರಿಗೆ ಫಾರ್ಮ್ 8. ಊರಲ್ಲೂ ಒಂದು ಹೆಸರು, ಇಲ್ಲೂ ಒಂದು ಹೆಸರು ಇಟ್ಟುಕೊಂಡವರು ನಮ್ಮಲ್ಲಿ ಬಹಳ. "ಇರಲಿ ಬಿಡಿ, ಜಾತ್ರೆಗೆ ಹೋದಾಗ ಹಾಕ್ತೀವಿ" ಎನ್ನುತ್ತಾರೆ. ಎರಡು ಕಡೆ ಹೆಸರು ಇರುವಂತಿಲ್ಲ, ಸುಳ್ಳು ಘೋಷಣೆಗೆ ಒಂದು ವರ್ಷದವರೆಗೆ ಜೈಲು ಆಗಬಹುದು. ಒಂದನ್ನು ತೆಗೆಸಿ.

ಪಾಲಿಕೆ. 1993ರಲ್ಲಿ ಜಾರಿಯಾದ 74ನೇ ತಿದ್ದುಪಡಿ ನಗರಸಭೆಗಳಿಗೆ ಐದು ವರ್ಷದ ಅವಧಿ, ಅದು ಮುಗಿಯುವ ಮೊದಲೇ ಚುನಾವಣೆ, ಮಹಿಳೆಯರಿಗೆ ಕನಿಷ್ಠ ಮೂರನೇ ಒಂದು ಭಾಗ ಸೀಟು ಎಂದಿತು. ಮಹಾರಾಷ್ಟ್ರ ಮಹಿಳೆಯರ ಪಾಲನ್ನು ಅರ್ಧಕ್ಕೆ ಏರಿಸಿದೆ. ಆದರೆ 227 ಸೀಟಿನ ಮುಂಬಯಿ ಪಾಲಿಕೆಯ ಅವಧಿ 2022ರ ಮಾರ್ಚ್‌ನಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಆಡಳಿತಾಧಿಕಾರಿಯೇ ನಡೆಸಿದರು. ಗಟಾರ, ನೀರು, ಕಸಕ್ಕೆ ಕಾರ್ಪೊರೇಟರನ್ನು ಕಾಯಬೇಡಿ. ನಿಮ್ಮ ವಾರ್ಡ್ ಯಾವುದೆಂದು ತಿಳಿದುಕೊಳ್ಳಿ (ಮಾಟುಂಗ, ಸಾಯನ್, ವಡಾಲದವರಿಗೆ ಎಫ್ ನಾರ್ತ್), ನೇರ ವಾರ್ಡ್ ಆಫೀಸಿಗೆ ಬರೆಯಿರಿ.

ಮೀಸಲಾತಿ. ಕರ್ನಾಟಕದ ಜಾತಿ ಪ್ರಮಾಣಪತ್ರ ಹಿಡಿದು ಮಹಾರಾಷ್ಟ್ರದ ಕಾಲೇಜಿಗೆ ಬಂದು ಕಣ್ಣೀರು ಹಾಕಿದ ಮಕ್ಕಳನ್ನು ನೋಡಿದ್ದೇನೆ. ಒಂದು ರಾಜ್ಯದ ಪಟ್ಟಿ ಇನ್ನೊಂದು ರಾಜ್ಯದಲ್ಲಿ ನಡೆಯುವುದಿಲ್ಲ. 2021ರ 105ನೇ ತಿದ್ದುಪಡಿ ಹಿಂದುಳಿದ ವರ್ಗಗಳ ಸ್ವಂತ ಪಟ್ಟಿ ಮಾಡುವ ಅಧಿಕಾರವನ್ನು ರಾಜ್ಯಗಳಿಗೇ ಮತ್ತೆ ಖಚಿತಪಡಿಸಿದೆ. ಇಲ್ಲಿನ ಪ್ರಮಾಣಪತ್ರ ಬೇಕಾದರೆ ಕುಟುಂಬ ಹಳೇ ಕಾಲದಿಂದ ಇಲ್ಲೇ ಇತ್ತೆಂದು ತೋರಿಸಬೇಕು. ಪರಿಶಿಷ್ಟ ಜಾತಿಗೆ 10 ಆಗಸ್ಟ್ 1950, ಹಿಂದುಳಿದ ವರ್ಗಕ್ಕೆ 13 ಅಕ್ಟೋಬರ್ 1967ರ ಮೊದಲಿನ ದಾಖಲೆ. ಅಜ್ಜ ಓದಿದ ರಾತ್ರಿಶಾಲೆಯ ದಾಖಲೆ, ಗಿರಣಿಯ ಹಾಜರಿ ಕಾರ್ಡ್, ಚಾಳಿನ ಬಾಡಿಗೆ ರಸೀದಿ ಎಲ್ಲಾದರೂ ಟ್ರಂಕಿನ ತಳದಲ್ಲಿದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ.

ವಕೀಲರು. 1976ರ 42ನೇ ತಿದ್ದುಪಡಿ ತುರ್ತುಪರಿಸ್ಥಿತಿಯ ಕೂಸು, ಅದರ ಮೇಲೆ ಸಿಟ್ಟು ಇರುವವರು ಬಹಳ. ಆದರೆ ಉಚಿತ ಕಾನೂನು ನೆರವಿನ 39ಎ ಬಂದದ್ದೂ ಅದರಿಂದಲೇ. ಅದಕ್ಕೆ 1987ರ ಕಾನೂನು ಸೇವೆಗಳ ಕಾಯ್ದೆ ಇದೆ. ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟರಿಗೆ, ಅಂಗವಿಕಲರಿಗೆ, ಕಾರ್ಖಾನೆ ಕಾರ್ಮಿಕರಿಗೆ ಆದಾಯ ಎಷ್ಟೇ ಇರಲಿ ವಕೀಲರು ಪುಕ್ಕಟೆ. ಸಹಾಯವಾಣಿ 15100. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಎಂದು ಕೇಳಿಕೊಂಡು ಹೋಗಿ.

ಎಡನೀರಿನ ಸ್ವಾಮೀಜಿ, ಬೊಂಬಾಯಿಯ ವಕೀಲರು

ತಿದ್ದುಪಡಿ ಮಾಡಿಯೇ ಹಕ್ಕು ಕಿತ್ತುಕೊಂಡರೆ ಏನು ಗತಿ ಎಂದು ಕೇಳುವವರಿದ್ದಾರೆ. ಅದಕ್ಕೆ ಉತ್ತರ ಕಾಸರಗೋಡಿನಿಂದ ಬಂತು. ನಮ್ಮ ಹಾಗೆಯೇ ಕರ್ನಾಟಕದ ಹೊರಗುಳಿದ ಕನ್ನಡದ ನೆಲ. ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿ ಕೇರಳದ ಭೂಸುಧಾರಣೆಯಿಂದ ಮಠದ ಭೂಮಿ ಹೋಗುತ್ತದೆಂದು ಸುಪ್ರೀಂ ಕೋರ್ಟಿಗೆ ಹೋದರು. ಅವರ ಪರ ವಾದಿಸಿದವರು ಬೊಂಬಾಯಿಯ ನಾನಿ ಪಾಲ್ಖಿವಾಲಾ. 13 ನ್ಯಾಯಾಧೀಶರು 68 ದಿನ ಕೇಳಿದರು. 1973ರ ಏಪ್ರಿಲ್ 24ರಂದು 7-6ರ ಅಂತರದಲ್ಲಿ ತೀರ್ಪು: ಸಂಸತ್ತು ಸಂವಿಧಾನ ತಿದ್ದಬಹುದು, ಅದರ ಮೂಲ ಸ್ವರೂಪ ಕೆಡಿಸುವಂತಿಲ್ಲ. ಸ್ವಾಮೀಜಿಗೆ ಬೇಕಿದ್ದ ಭೂಮಿಯ ಪರಿಹಾರ ಮಾತ್ರ ಸಿಗಲಿಲ್ಲ.

ಆಸ್ತಿಯ ವಿಚಾರಕ್ಕೂ ಇದರಿಂದ ಒಂದು ಸೂಚನೆ. 44ನೇ ತಿದ್ದುಪಡಿಯ ಮೇಲೆ ಆಸ್ತಿ ಮೂಲಭೂತ ಹಕ್ಕಲ್ಲ, 300ಎ ಅಡಿಯ ಹಕ್ಕು. ಕಾನೂನಿನ ಆಧಾರವಿಲ್ಲದೆ ನಿಮ್ಮ ಖೋಲಿ ಕಿತ್ತುಕೊಳ್ಳುವಂತಿಲ್ಲ. ಆದರೆ ಅದಕ್ಕಾಗಿ ಸಂವಿಧಾನದ 32ನೇ ಅನುಚ್ಛೇದ ಹಿಡಿದು ನೇರ ದಿಲ್ಲಿಯ ಸುಪ್ರೀಂ ಕೋರ್ಟಿಗೆ ಹೋಗುವಂತಿಲ್ಲ. 226ರ ಅಡಿ ಹೈಕೋರ್ಟ್ ಇದೆ, ನಮಗೆ ಅದು ಫೋರ್ಟಿನಲ್ಲೇ. ಚಾಳು ರೀಡೆವಲಪ್‌ಮೆಂಟಿಗೆ ಹೋಗುತ್ತಿದ್ದರೆ ಸಹಿಗೆ ಮೊದಲು ವಕೀಲರನ್ನು ನೋಡಿ, ನನ್ನಂಥವರನ್ನಲ್ಲ.

ಕೊನೆಯ ಕೆಲಸ: ಕಾಗದ ಕೊಡುವ ರೀತಿ

ಕುಂದುಕೊರತೆಯ ಅರ್ಜಿಯನ್ನು ರಾಜ್ಯದಲ್ಲಿ ಅಥವಾ ಕೇಂದ್ರದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲೂ ಕೊಡಬಹುದು ಎಂದು 350ನೇ ಅನುಚ್ಛೇದ ಹೇಳುತ್ತದೆ. ಕನ್ನಡದಲ್ಲಿ ಬರೆಯಲು ಹಿಂಜರಿಯಬೇಡಿ. ಆದರೆ ಕೆಲಸ ಬೇಗ ಆಗಬೇಕಲ್ವಾ? ಜೊತೆಗೊಂದು ಮರಾಠಿ ಅನುವಾದ ಪಿನ್ ಮಾಡಿ. ಒಂದು ಪುಟ ದಾಟಬಾರದು. ತಿದ್ದುಪಡಿಯ ಇತಿಹಾಸ ಬೇಡ, ಕಾಯ್ದೆಯ ಕಲಂ ಸಾಕು. ಸಿಟ್ಟು ಬೇಡ. ಎಷ್ಟು ದಿನದೊಳಗೆ ಉತ್ತರ ಬೇಕು ಎಂಬುದು ಇರಲಿ.

ಎರಡು ಪ್ರತಿ ಒಯ್ಯಿರಿ. ಸಾಹೇಬರ ಕೈಗೆ ಕೊಡಲು ಕಾಯುತ್ತಾ ಕೂರಬೇಡಿ. ಪ್ರತಿ ಆಫೀಸಿನಲ್ಲೂ 'ಆವಕ್-ಜಾವಕ್' ಎಂದು ಒಂದು ಮೇಜಿರುತ್ತದೆ, ಬಂದ ಕಾಗದ ಹೋದ ಕಾಗದ ಬರೆದಿಡುವ ಜಾಗ. ಅಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಮೊಹರು, ದಿನಾಂಕ, ನಂಬರ್ ಹಾಕಿಸಿಕೊಳ್ಳಿ. ಮಧ್ಯಾಹ್ನ ಊಟದ ಹೊತ್ತಿಗೆ ಹೋಗಬೇಡಿ. ಉತ್ತರ ಬರಲಿಲ್ಲವೋ, ಅದೇ ನಂಬರ್ ಹಾಕಿ ಮಾಹಿತಿ ಹಕ್ಕಿನ ಅರ್ಜಿ: "ಇಂಥ ದಿನದ ಇಂಥ ನಂಬರಿನ ಅರ್ಜಿ ಈಗ ಯಾರ ಬಳಿ ಇದೆ, ಏನು ಕ್ರಮವಾಗಿದೆ?" ಹತ್ತು ರೂಪಾಯಿಯ ಕೋರ್ಟ್ ಫೀ ಸ್ಟಾಂಪು. ಮಹಾರಾಷ್ಟ್ರದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. 30 ದಿನದಲ್ಲಿ ಉತ್ತರ ಕೊಡಬೇಕು. ಹಲವು ಸಲ ಆ ಉತ್ತರ ಬರುವ ಮೊದಲೇ ಮೂಲ ಅರ್ಜಿಯ ಕೆಲಸ ಆಗಿರುತ್ತದೆ.

ಮೊಹರು ಬಿದ್ದ ಪ್ರತಿಯನ್ನು ಮೊಬೈಲಿನಲ್ಲಿ ಫೋಟೊ ತೆಗೆದು, ಮೂಲವನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಒಣ ಜಾಗದಲ್ಲಿಡಿ. ನನ್ನ ವಾಟರ್‌ಪ್ರೂಫಿಂಗ್ ದೂರಿನ ಪ್ರತಿ ಅಡುಗೆಮನೆಯ ಅಟ್ಟದ ಮೇಲಿತ್ತು. ಆ ಮಳೆಗೆ ಅದೂ ನೆನೆದು, ಮೊಹರಿನ ನೀಲಿ ಶಾಯಿ ಹಾಳೆ ತುಂಬ ಹರಡಿತ್ತು.